ತಲೆಮಾರು ಎಂಬುದು ವರ್ಷಗಳ ಲೆಕ್ಕವಲ್ಲ

ಅಭಿಮಾನಿ ಕಥನಗಳನ್ನು, ಅಂದರೆ ಫ್ಯಾನ್ ಫಿಕ್ಷನ್ನನ್ನು, ಓದುವ ನನ್ನ ಎಳೆಯ ಗೆಳೆಯರ ನಡುವೆ ಒಂದು ಸೂತ್ರ ಚಲಾವಣೆಯಲ್ಲಿದೆ. ಕಥೆಯ ಪ್ರೇಮಿಗಳಿಬ್ಬರಲ್ಲಿ ಹಿರಿಯರ ವಯಸ್ಸಿನಿಂದ ಕಿರಿಯರ ವಯಸ್ಸನ್ನು ಕಳೆಯಿರಿ. ಉತ್ತರ ಹತ್ತನ್ನು ಮೀರಿದರೆ ಅದು ‘ವಯಸ್ಸಿನ ಅಂತರ’ದ ಕಥೆ, ಇಪ್ಪತ್ತನ್ನು ಮುಟ್ಟಿದರೆ ‘ತಲೆಮಾರು ದಾಟಿದ’ ಕಥೆ. ಕೆಲವರು ಹದಿನೈದಕ್ಕೇ ಗೆರೆ ಎಳೆಯುತ್ತಾರೆ. ಅವರ ಜಗಳವೆಲ್ಲ ಗೆರೆ ಎಲ್ಲಿರಬೇಕು ಎಂಬುದರ ಕುರಿತು. ಗೆರೆಯನ್ನು ವರ್ಷಗಳ ಮೇಲೆಯೇ ಏಕೆ ಎಳೆಯಬೇಕು ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಇದು ಹುಡುಗರ ಆಟ, ಇದರ ವ್ಯಾಖ್ಯೆಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಪ್ರಸಿದ್ಧ ಕೃತಿಗಳ ಪಾತ್ರಗಳನ್ನು ಎತ್ತಿಕೊಂಡು ಓದುಗರೇ ಹೊಸ ಕಥೆ ಕಟ್ಟುವ ಈ ಪ್ರಕಾರದ ದೊಡ್ಡ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಸಂದಿದೆ. ಇಂಥ ಕಡೆ ಕಥೆಯ ನೆತ್ತಿಗೆ ಅಂಟಿಸಿದ ಹಣೆಪಟ್ಟಿಯೇ ಓದುಗರಿಗೆ ದಾರಿ ತೋರಿಸಬೇಕು. ಯಾವ ಕಥೆಯನ್ನು ತೆರೆಯಬೇಕು, ಯಾವುದನ್ನು ಬಿಡಬೇಕು ಎಂದು ಹದಿನೆಂಟರ ಹುಡುಗಿಯೊಬ್ಬಳು ತೀರ್ಮಾನಿಸುವುದು ಆ ಪಟ್ಟಿಯನ್ನು ನಂಬಿ. ಪಟ್ಟಿ ತಪ್ಪಿದರೆ ಮೋಸಹೋಗುವವಳು ಅವಳು.

ಜೇನ್ ಆಸ್ಟೆನ್ನಳ ಕಾದಂಬರಿಗಳನ್ನು ಮುಂದುವರಿಸಿ ಬರೆಯುವ ಅಭಿಮಾನಿಗಳು ಬಹಳ, ಅವಳಿಂದಲೇ ಆರಂಭಿಸೋಣ. 1811ರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಹದಿಹರೆಯದ ಮರಿಯಾನಳಿಗೆ ಕರ್ನಲ್ ಬ್ರ್ಯಾಂಡನ್ ತನ್ನ ತಂದೆಯಾಗುವಷ್ಟು ವಯಸ್ಸಾದವನೆಂದು ತೋರುತ್ತಾನೆ, ಅವನಿಗಾಗಲೇ ಮೂವತ್ತೈದು ದಾಟಿದೆ. ‘ಎಮ್ಮಾ’ದಲ್ಲಿ ನಾಯಕಿಗೂ ನೈಟ್ಲಿಗೂ ಇರುವ ಅಂತರ ಹದಿನಾರು ವರ್ಷ. ಕಳೆಯುವ ಲೆಕ್ಕಕ್ಕೆ ಬ್ರ್ಯಾಂಡನ್ನನೇ ಹೆಚ್ಚಿನ ಅಪರಾಧಿ. ಆದರೆ ಅವನು ಮರಿಯಾನಳ ಬದುಕಿಗೆ ಹೊರಗಿನಿಂದ ಬಂದವನು. ಅವಳನ್ನು ಬೆಳೆಸಿದವನಲ್ಲ, ತಿದ್ದಿದವನಲ್ಲ. ಅವಳು ಅವನನ್ನು ಲೆಕ್ಕಕ್ಕಿಡದೆ ಇರಬಲ್ಲಳು. ಬಹುಕಾಲ ಹಾಗೆಯೇ ಇರುತ್ತಾಳೆ. ನೈಟ್ಲಿಯಾದರೋ ಎಮ್ಮಾಳನ್ನು ತೊಟ್ಟಿಲಿನಿಂದ ಕಂಡವನು, ಅವಳ ಅಕ್ಕನ ಗಂಡನಿಗೆ ಅಣ್ಣ. ತಾಯಿಯಿಲ್ಲದ, ತಂದೆ ಸದಾ ತನ್ನ ಆರೋಗ್ಯದ ಚಿಂತೆಯಲ್ಲೇ ಮುಳುಗಿರುವ ಮನೆಯಲ್ಲಿ ಅವಳ ತಪ್ಪುಗಳನ್ನು ಅವಳ ಎದುರಿಗೇ ಆಡಿ ತೋರಿಸುವ ಹಿರಿಯ ಅವನೊಬ್ಬನೇ. ಅವಳಿಗೆ ಹದಿಮೂರಿದ್ದಾಗಿನಿಂದಲೂ ಪ್ರೀತಿಸಿದ್ದೆನೆಂದು ಕೊನೆಯಲ್ಲಿ ಅವನು ಹೇಳಿಕೊಳ್ಳುವ ಮಾತು ಇಂದಿನ ಓದುಗರಿಗೆ ಸಲೀಸಾಗಿ ಗಂಟಲಿಗಿಳಿಯದು. ನಮ್ಮ ಎಂ.ಎ. ತರಗತಿಯಲ್ಲಿ ಅದನ್ನು ಆದರ್ಶ ದಾಂಪತ್ಯದ ಪೀಠಿಕೆಯೆಂದೇ ಓದಿಸಿದರು. ನಾವೂ ಹಾಗೆಯೇ ಬರೆದು ಅಂಕ ಪಡೆದೆವು. ವರ್ಷಗಳ ಅಂತರ ಕಡಿಮೆಯಿರುವ ಕಡೆಯೇ ತಲೆಮಾರಿನ ಸಮಸ್ಯೆ ಹೆಚ್ಚು ಆಳವಾಗಿದೆ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಹ್ಯಾರಿ ಪಾಟರ್ ಅಭಿಮಾನಿಗಳ ‘ಕ್ರಾಸ್‌ಜೆನ್’ ಎಂಬ ಪದದಲ್ಲಿ ಈ ವಿವೇಕ ಇದೆ. ಒಬ್ಬರು ಹ್ಯಾರಿಯ ಓರಗೆಯವರು, ಇನ್ನೊಬ್ಬರು ಅವನ ತಂದೆತಾಯಿಯ ಓರಗೆಯವರು. ಅಂಥ ಜೋಡಿಗೆ ಆ ಹೆಸರು. ಸ್ನೇಪ್ ಹ್ಯಾರಿಯ ತಾಯಿಯ ಸಹಪಾಠಿ, ಹ್ಯಾರಿಯ ತರಗತಿಗೆ ಮೇಷ್ಟರು. ಆದರೆ ಮೂಲ ಕೃತಿಯೇ ಮದುವೆ ಮಾಡಿಸಿದ ಲೂಪಿನ್ ಮತ್ತು ಟಾಂಕ್ಸ್ ನಡುವೆ ಸುಮಾರು ಹದಿಮೂರು ವರ್ಷಗಳ ಅಂತರವಿದೆ. ತನಗೆ ವಯಸ್ಸಾಯಿತೆಂದು ಲೂಪಿನ್ನೇ ಹಿಂಜರಿಯುತ್ತಾನೆ. ಅವನು ಶಾಲೆಗೆ ಪಾಠ ಹೇಳಲು ಬರುವ ಹೊತ್ತಿಗೆ ಟಾಂಕ್ಸ್ ಓದು ಮುಗಿಸಿಯಾಗಿತ್ತು. ಇಬ್ಬರೂ ಸೇರಿದ್ದು ಒಂದೇ ಹೋರಾಟದ ಜೊತೆಗಾರರಾಗಿ. ಈ ಎರಡು ಬಗೆಯ ಸಂಬಂಧಗಳನ್ನು ಒಂದೇ ಪಟ್ಟಿಯಡಿ ತುರುಕುವವರು ಓದುಗರಿಗೆ ಏನನ್ನೂ ತಿಳಿಸಿದಂತಾಗುವುದಿಲ್ಲ.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದು ಒಗಟಾಗಬೇಕಿಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮ ಹಲವು ಸಮುದಾಯಗಳ ರೂಢಿ; ಅಂಥ ರೂಢಿಗೆ 1955ರ ಹಿಂದೂ ವಿವಾಹ ಕಾಯಿದೆಯೂ ಎಡೆ ಕೊಟ್ಟಿದೆ. ತುಂಬು ಸಂಸಾರದಲ್ಲಿ ಕೊನೆಯ ತಮ್ಮನಿಗೂ ಹಿರಿಯಕ್ಕನ ಮಗಳಿಗೂ ನಾಲ್ಕೈದೇ ವರ್ಷಗಳ ಅಂತರವಿರಬಹುದು. ಕಳೆಯುವ ಲೆಕ್ಕಕ್ಕೆ ಅಲ್ಲಿ ಏನೂ ಸಿಗದು. ತಲೆಮಾರು ಮಾತ್ರ ದಾಟಿರುತ್ತದೆ. ಈ ರೂಢಿಯನ್ನು ಒಮ್ಮೆ ಉತ್ತರದ ಸಹೋದ್ಯೋಗಿಗಳಿಗೆ ವಿವರಿಸಿದಾಗ ಅವರು ಬೆಚ್ಚಿದ್ದು ವಯಸ್ಸನ್ನು ಕೇಳಿ ಅಲ್ಲ, ‘ಮಾಮಾ’ ಎಂಬ ಒಂದು ಪದಕ್ಕೆ. ಅವರಿಗೆ ಆತ ಹೆತ್ತವರ ಸಮಾನ. ನಮ್ಮಲ್ಲಿ ಮಾವನೆಂದರೆ ತಾಯಿಯ ಒಡಹುಟ್ಟಿದವನೂ ಹೌದು, ಗಂಡನ ತಂದೆಯೂ ಹೌದು. ಗೆರೆಯನ್ನು ಎಳೆಯುವುದು ಸಂಬಂಧ, ಆ ಸಂಬಂಧಕ್ಕೆ ಆಯಾ ಸಮಾಜ ಕೊಟ್ಟ ಅರ್ಥ.

ಇನ್ನೂ ಕಟುವಾದ ಉದಾಹರಣೆ ಗಿರೀಶ ಕಾರ್ನಾಡರ 1961ರ ‘ಯಯಾತಿ’. ಮಹಾಭಾರತದ ಕಥೆಯನ್ನು ಎತ್ತಿಕೊಂಡು ಅದರಲ್ಲಿಲ್ಲದ ಚಿತ್ರಲೇಖೆಯನ್ನು ಪುರುವಿನ ಹೆಂಡತಿಯಾಗಿ ತಂದ ನಾಟಕ ಅದು. ಅಭಿಮಾನಿ ಕಥನಕಾರರು ಮಾಡುವುದೂ ಇಂಥದ್ದನ್ನೇ. ಪುರು ತಂದೆಯ ಮುಪ್ಪನ್ನು ಹೊತ್ತ ಮೇಲೆ, ಗಂಡನ ಯೌವನವನ್ನು ಪಡೆದವನು ತನ್ನನ್ನೂ ಸ್ವೀಕರಿಸಲಿ ಎಂದು ಚಿತ್ರಲೇಖೆ ಯಯಾತಿಯ ಮುಂದೆ ನಿಲ್ಲುತ್ತಾಳೆ. ದೇಹದ ಲೆಕ್ಕದಲ್ಲಿ ಇಬ್ಬರೂ ಈಗ ಓರಗೆಯವರು. ಆದರೂ ಯಯಾತಿ ಅದನ್ನು ಒಪ್ಪಲಾರ. ಅವನು ಮಾವ, ಅವಳು ಸೊಸೆ. ಮಗನಿಂದ ಯೌವನವನ್ನು ಪಡೆಯಬಹುದಾಯಿತು, ಮಗನ ತಲೆಮಾರನ್ನು ಪಡೆಯಲಾಗಲಿಲ್ಲ. ಅದರ ಬೆಲೆ ತೆತ್ತವಳು ಪ್ರಾಣ ಕಳೆದುಕೊಂಡ ಚಿತ್ರಲೇಖೆ.

ಆದ್ದರಿಂದ ನನ್ನ ವ್ಯಾಖ್ಯೆ ಹೀಗೆ: ಒಬ್ಬರು ಇನ್ನೊಬ್ಬರ ಆರೈಕೆ, ಶಿಕ್ಷಣ ಅಥವಾ ಅಧಿಕಾರದ ನೆರಳಿನಲ್ಲಿ ಬೆಳೆದಿದ್ದರೆ, ಇಲ್ಲವೇ ಕಥೆಯೊಳಗಿನ ಸಮಾಜ ಅವರಲ್ಲೊಬ್ಬರನ್ನು ಇನ್ನೊಬ್ಬರ ಹೆತ್ತವರ ಸಾಲಿನಲ್ಲಿ ಕೂರಿಸಿದ್ದರೆ, ಅದು ತಲೆಮಾರು ದಾಟಿದ ಸಂಬಂಧ. ಅಂತರ ಐದೇ ವರ್ಷವಿದ್ದರೂ ಸರಿ. ಇವೆರಡೂ ಇಲ್ಲದಿದ್ದರೆ ಅದು ಬರೀ ವಯಸ್ಸಿನ ಅಂತರ, ಇಪ್ಪತ್ತೈದು ವರ್ಷವಿದ್ದರೂ ಸರಿ.

ಒಂದು ಕಡೆ ಮಾತ್ರ ನಾನು ಸಂಖ್ಯೆಗೆ ಪೂರ್ತಿ ಶರಣು. ಕಿರಿಯ ಪಾತ್ರಕ್ಕೆ ಹದಿನೆಂಟು ತುಂಬಿರದಿದ್ದರೆ ಆ ಕಥೆಗೆ ‘ಅಂತರ’ ಎಂಬ ಮೃದುವಾದ ಹೆಸರು ಸಲ್ಲದು. ಮಗುವನ್ನು ಮಗುವೆಂದೇ ಕರೆಯಬೇಕು. ನಮ್ಮ 2012ರ ಪೋಕ್ಸೋ ಕಾಯಿದೆ ಹದಿನೆಂಟಕ್ಕೆ ಕೆಳಗಿನವರನ್ನೆಲ್ಲ ಮಕ್ಕಳೆಂದೇ ಕರೆಯುತ್ತದೆ. ಹದಿನೆಂಟು ತುಂಬಿದ ಮರುದಿನಕ್ಕೆ ಕಥೆಯನ್ನು ಜಿಗಿಸಿ ಕೈತೊಳೆದುಕೊಳ್ಳುವ ಉಪಾಯವೂ ಸಾಲದು. ನಿನ್ನೆಯವರೆಗೆ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟರು ಇಂದು ಬೆಳಗ್ಗೆ ಬರೀ ಗಂಡಸಾಗಿಬಿಡುವುದಿಲ್ಲ.

ನನ್ನ ವ್ಯಾಖ್ಯೆಯ ಪ್ರಕಾರ ಪಟ್ಟಿ ಅಂಟಿಸುವುದು ಕಷ್ಟ, ವರ್ಷ ಎಣಿಸುವುದು ಸುಲಭ ಎಂಬ ಆಕ್ಷೇಪ ಬರುತ್ತದೆ. ಸರ್ಕಾರಿ ಕಡತಗಳ ನಡುವೆ ಬದುಕುವ ನನಗೆ ಆ ಸುಲಭದ ಸುಖ ಗೊತ್ತಿದೆ. ತಿಂಗಳ ಒಂದನೇ ತಾರೀಖು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗುತ್ತಾನೆ; ಎರಡನೇ ತಾರೀಖಿನವನಿಗೆ ಇನ್ನೊಂದು ತಿಂಗಳ ಸಂಬಳ ಸಿಗುತ್ತದೆ. ನಿವೃತ್ತಿಗೆ ಅಂಥ ಗೆರೆ ಬೇಕು, ಇಲ್ಲದಿದ್ದರೆ ಕಡತ ಮುಚ್ಚದು. ಕಥೆ ಬರೆಯುವವರಿಗೆ ಆ ಆತುರವಿಲ್ಲ. ತಮ್ಮ ಪಾತ್ರಗಳಲ್ಲಿ ಯಾರು ಯಾರನ್ನು ಬೆಳೆಸಿದರು, ಯಾರ ಮಾತಿಗೆ ಯಾರು ಹೆದರುತ್ತಿದ್ದರು ಎಂಬುದು ಅವರಿಗೆ ಗೊತ್ತೇ ಇರುತ್ತದೆ. ಅದನ್ನೇ ಹಣೆಪಟ್ಟಿಯಲ್ಲಿ ಒಂದು ಸಾಲು ಬರೆಯಲಿ. ಬರೆಯಲು ಮುಜುಗರವಾದರೆ, ಆ ಮುಜುಗರ ಏಕೆಂದು ಕಥೆಯನ್ನು ಪ್ರಕಟಿಸುವ ಮೊದಲು ತಮ್ಮನ್ನೇ ಕೇಳಿಕೊಳ್ಳಲಿ.