ಎರಡನೆಯ ಬಾಗಿಲು

ಹದಿನೆಂಟನೆಯ ವಯಸ್ಸಿನಲ್ಲಿ ಬಂದ ಅಂಕಗಳೇ ಒಬ್ಬನ ವಿದ್ಯೆಯ ಕೊನೆಯ ತೀರ್ಪಾಗಬೇಕೆ? ಆಗಬೇಕಿಲ್ಲವೆಂದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು 1960ರಲ್ಲಿಯೇ ಉತ್ತರವಿತ್ತಿತು. ಅಲ್ಲಿನ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅವರು ಮುಂದೆ ನಿಂತು ರೂಪಿಸಿದ ಯೋಜನೆಯು, ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟರಲ್ಲೊಂದು ಪಾಲಿನವರಿಗೆ ವಿಶ್ವವಿದ್ಯಾನಿಲಯದ ನೇರ ಪ್ರವೇಶವನ್ನು ಗೊತ್ತುಮಾಡಿತು. ಉಳಿದವರನ್ನು ಅದು ಕೈಬಿಡಲಿಲ್ಲ. ಆಗ ಜೂನಿಯರ್ ಕಾಲೇಜುಗಳೆನಿಸಿದ್ದ ಇಂದಿನ ಸಮುದಾಯ ಕಾಲೇಜುಗಳನ್ನು ಎಲ್ಲರಿಗೂ ತೆರೆದಿಟ್ಟು, ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಹುದೆಂದಿತು.

ಇಂದು ಆ ಸಂಸ್ಥಾನದಲ್ಲಿ 116 ಸಮುದಾಯ ಕಾಲೇಜುಗಳಿವೆ. ದಾರಿಯೇನೋ ಉಂಟು, ನಡೆಯುವುದು ಸುಲಭವಲ್ಲ. ವಿಶ್ವವಿದ್ಯಾನಿಲಯದ ಆರು ಶಾಖೆಗಳು ಗೊತ್ತಾದ ಅರ್ಹತೆ ಪಡೆದವರಿಗೆ ಪ್ರವೇಶದ ಭರವಸೆ ನೀಡುತ್ತವೆ. ಹೆಸರುವಾಸಿಯಾದ ಬರ್ಕಲಿ ಮತ್ತು ಲಾಸ್ ಏಂಜಲಿಸ್ ಶಾಖೆಗಳು ನೀಡುವುದಿಲ್ಲ. ದೇಶದ ಇನ್ನೊಂದು ಅಂಚಿನಲ್ಲಿರುವ ಖಾಸಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 1990ರಿಂದ ಮುಚ್ಚಿದ್ದ ಈ ಬಾಗಿಲನ್ನು 2018ರಲ್ಲಿ ತೆರೆದಾಗ ಆರಿಸಿದ್ದು 13 ಮಂದಿಯನ್ನು.

ಪ್ರವೇಶಕ್ಕಿಂತಲೂ ಕಠಿಣವಾದ ತೊಡಕು ಪಾಠಗಳ ಲೆಕ್ಕದಲ್ಲಿದೆ. ಒಂದು ವಿಶ್ವವಿದ್ಯಾನಿಲಯಕ್ಕೆ ಸಲ್ಲುವ ಗಣಿತದ ಪಾಠ ಇನ್ನೊಂದಕ್ಕೆ ಸಲ್ಲದೆ ಹೋಗಬಹುದು. ಸಿರಿವಂತರ ಮಗನಿಗೆ ಅದು ಬರಿಯ ಬೇಸರ. ಹಗಲು ದುಡಿದು ಸಂಜೆ ಓದುವವನಿಗೆ, ಕೈಯಿಂದ ಜಾರಿಹೋದ ಕಾಲ ಮತ್ತು ಹಣ. ಎಷ್ಟೋ ಮಂದಿ ಅಲ್ಲಿಯೇ ನಿಂತುಬಿಡುತ್ತಾರೆ.

ಬಾಗಿಲು ತೆರೆದಿದೆಯೆಂದು ಸಾರಿದ ಮಾತ್ರಕ್ಕೆ ವಿಶ್ವವಿದ್ಯಾನಿಲಯದ ಹೊಣೆ ತೀರದು. ಯಾವ ಪಾಠ ಸಲ್ಲುವುದು, ಯಾವುದು ಸಲ್ಲದು ಎಂಬುದನ್ನು ಮೊದಲ ದಿನವೇ ತಿಳಿಸುವುದು ನ್ಯಾಯ. ಉಳಿದುದನ್ನು ವಿದ್ಯಾರ್ಥಿಯೇ ನೋಡಿಕೊಂಡಾನು.