ಗರ್ಭದಲ್ಲೇ ರೋಗಪತ್ತೆ: ಹಂದಿಗೋಡು ಕಲಿಸುವ ಪಾಠ

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ವೈದ್ಯಲೋಕಕ್ಕೆ ಪರಿಚಯವಾದದ್ದು ಮೂಳೆ ರೋಗವೊಂದರಿಂದ. 1970ರ ದಶಕದಲ್ಲಿ ಇಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ತೀವ್ರ ನೋವು ಹಾಗೂ ಅಂಗವೈಕಲ್ಯ ಕಾಣಿಸಿಕೊಂಡಾಗ, ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಮೂಡಿತ್ತು. ಇದು ಆನುವಂಶಿಕ ದೋಷವೆಂದು ನಂತರದ ಅಧ್ಯಯನಗಳು ತಿಳಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಶೇ 50ರಷ್ಟು.

ಹಾಗಾದರೆ ಇಂತಹ ರೋಗವನ್ನು ಗರ್ಭದಲ್ಲೇ ಪತ್ತೆ ಮಾಡಲು ಸಾಧ್ಯವಿಲ್ಲವೇ? ಕಾನೂನಿನ ಅಡ್ಡಿಯಂತೂ ಇಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ, ಕುಟುಂಬದಲ್ಲಿ ಆನುವಂಶಿಕ ರೋಗವಿದ್ದರೆ ನೋಂದಾಯಿತ ಕೇಂದ್ರಗಳಲ್ಲಿ ಪರೀಕ್ಷೆಗೆ ಅವಕಾಶ ನೀಡುತ್ತದೆ.

ತೊಡಕಿರುವುದು ಬೇರೆಡೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ತೀವ್ರ ಸ್ವರೂಪದ ಮೂಳೆ ದೋಷಗಳು ಕಾಣಬಹುದು. ಆದರೆ ಹಂದಿಗೋಡು ರೋಗ ಅನೇಕರಲ್ಲಿ ತಲೆದೋರುವುದು ಬಾಲ್ಯ ಕಳೆಯುವ ಹೊತ್ತಿಗೆ. ಅಂತಹ ರೋಗವನ್ನು ಗರ್ಭದಲ್ಲಿ ಗುರುತಿಸಲು ವಂಶವಾಹಿ ಪರೀಕ್ಷೆಯೇ ಬೇಕು. 11ನೇ ವಾರದಿಂದ ಮಾಸಿನ ಚೂರನ್ನು ಅಥವಾ 15ನೇ ವಾರದ ನಂತರ ಗರ್ಭಜಲವನ್ನು ತೆಗೆದು ಪರೀಕ್ಷಿಸಬಹುದು. ಆದರೆ ಏನನ್ನು ಹುಡುಕಬೇಕೆಂಬುದು ಮೊದಲೇ ತಿಳಿದಿರಬೇಕು. ಅಂದರೆ ಆ ಕುಟುಂಬದ ರೋಗಿಯ ರಕ್ತದಲ್ಲಿ ದೋಷ ಯಾವುದೆಂಬುದು ಗರ್ಭಧಾರಣೆಗೆ ಮುನ್ನವೇ ಪತ್ತೆಯಾಗಿರಬೇಕು.

ಗರ್ಭ ನಿಂತ ಮೇಲೆ ಹುಡುಕಾಟ ಆರಂಭಿಸಿದರೆ ಕಾಲ ಮೀರುತ್ತದೆ. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಭ್ರೂಣದಲ್ಲಿ ಗಂಭೀರ ದೋಷವಿದೆ ಎಂಬ ಕಾರಣಕ್ಕೆ 24 ವಾರಗಳ ನಂತರ ಗರ್ಭಪಾತ ಮಾಡಿಸಲು ವೈದ್ಯಕೀಯ ಮಂಡಳಿಯ ಒಪ್ಪಿಗೆ ಅಗತ್ಯ. ಸಾಗರದ ಕೂಲಿ ಕುಟುಂಬಕ್ಕಾಗಲಿ, ರಾಜಧಾನಿಯ ಮಗ್ಗುಲಲ್ಲೇ ಇರುವ ದೊಡ್ಡಬಳ್ಳಾಪುರದ ನೇಕಾರ ಕುಟುಂಬಕ್ಕಾಗಲಿ ಈ ಗಡುವು ಒಂದೇ.

ಆದ್ದರಿಂದ ಯಂತ್ರೋಪಕರಣಗಳಿಗಿಂತ ಮೊದಲು ಬೇಕಾದದ್ದು ತಾಲೂಕು ಆಸ್ಪತ್ರೆಯಲ್ಲಿ ಒಂದು ಸರಳ ಪ್ರಶ್ನೆ: ಮನೆಯಲ್ಲಿ ಯಾರಿಗಾದರೂ ಮೂಳೆಯ ತೊಂದರೆ ಇದೆಯೇ? ರಕ್ತಸಂಬಂಧದಲ್ಲಿ ವಿವಾಹಗಳು ನಡೆಯುವ ನಾಡಿನಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯ. ಉತ್ತರ ಹೌದೆಂದಾದರೆ ರೋಗಿಯ ಪರೀಕ್ಷೆ, ಆಪ್ತ ಸಮಾಲೋಚನೆ ಎರಡೂ ಸರ್ಕಾರಿ ವೆಚ್ಚದಲ್ಲೇ ನಡೆಯಬೇಕು.

ರೋಗಪತ್ತೆ ಎಂದರೆ ಗರ್ಭಪಾತವೆಂದೇ ಅರ್ಥವಲ್ಲ. ಅಂತಿಮ ನಿರ್ಧಾರ ತಾಯಿಯದು. ಮಗುವನ್ನು ಉಳಿಸಿಕೊಳ್ಳುವ ತಾಯಿಗೆ ಚಿಕಿತ್ಸೆ, ಮಾಸಾಶನಗಳ ಭರವಸೆ ಇಲ್ಲದಿದ್ದರೆ ಆ ನಿರ್ಧಾರವೂ ಸ್ವತಂತ್ರವಾಗಿ ಉಳಿಯದು.