ಬ್ಯಾಂಕಾಕ್ ಹತ್ತಿರ, ದೇವನಹಳ್ಳಿ ದೂರ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯ ಪ್ರಯಾಣ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಿಂದ ಬಸ್ಸು ಬದಲಿಸುತ್ತ, ಬೆಂಗಳೂರು ನಗರವನ್ನು ಹಾದು ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ವಿದೇಶ ಪ್ರಯಾಣವೆಂದರೆ ಟಿಕೆಟ್ ದರದ ಚರ್ಚೆಯಷ್ಟೇ ನಡೆಯುವ ಈ ದಿನಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನರ ನಿಜವಾದ ತೊಡಕು ಮನೆಯಿಂದ ವಿಮಾನ ನಿಲ್ದಾಣದವರೆಗಿನ ಹಾದಿಯಲ್ಲಿದೆ.

ಮುಚ್ಚಿದ ಎರಡು ದಾರಿ

ಆಗ್ನೇಯ ಏಷ್ಯಾಕ್ಕೆ ಒಂದು ಕಾಲದಲ್ಲಿ ಸಾಮಾನ್ಯರ ವಾಹನ ಹಡಗು. ಮದ್ರಾಸಿನಿಂದ ಪೆನಾಂಗ್ ಮತ್ತು ಸಿಂಗಪುರಕ್ಕೆ ಸಂಚರಿಸುತ್ತಿದ್ದ 'ಚಿದಂಬರಂ' ಹಡಗು 1985ರ ಬೆಂಕಿ ದುರಂತದೊಂದಿಗೆ ಸೇವೆಯಿಂದ ಮರೆಯಾಯಿತು. ವಿಮಾನಯಾನ ಅಗ್ಗವಾದಂತೆ ಸಮುದ್ರದ ಹಾದಿ ಜನರ ನೆನಪಿನಿಂದಲೂ ದೂರವಾಯಿತು.

ಭೂಮಾರ್ಗದ ಕನಸು 2002ರದು. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡ್‌ನ ಮೇ ಸೊಟ್‌ವರೆಗೆ ಸುಮಾರು 1,360 ಕಿ.ಮೀ. ಉದ್ದದ ತ್ರಿಪಕ್ಷೀಯ ಹೆದ್ದಾರಿಗೆ ಭಾರತ ಮುಂದಾಯಿತು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನ ಆಡಳಿತ ಸೇನೆಯ ವಶವಾದ ಬಳಿಕ ಕಾಮಗಾರಿ ಕುಂಟಿತು. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹೊತ್ತಿಕೊಂಡ ಹಿಂಸಾಚಾರ ಭಾರತದ ಕಡೆಯ ತುದಿಯನ್ನೂ ಅಭದ್ರಗೊಳಿಸಿತು.

ಈ ಹೆದ್ದಾರಿಯ ಥಾಯ್ ತುದಿ ಬೇರೊಂದು ಕಾರಣಕ್ಕೆ ಕುಖ್ಯಾತವಾಗಿದೆ. ಬ್ಯಾಂಕಾಕ್‌ನಲ್ಲಿ ಉದ್ಯೋಗವೆಂದು ಕರೆದೊಯ್ದ ಯುವಕರನ್ನು ಮೇ ಸೊಟ್ ಬಳಿ ನದಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲ ಅಲ್ಲಿ ಬೆಳೆಯಿತು. 2025ರ ಮಾರ್ಚ್‌ನಲ್ಲಿ ಹೀಗೆ ಸಿಲುಕಿದ್ದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ ಗಡಿಯತ್ತ ಕಾರು ಪ್ರಯಾಣವಿದೆ ಎನ್ನುವ ಮಧ್ಯವರ್ತಿಯ ಮಾತಿಗೆ ಯಾರೂ ಮರುಳಾಗಬಾರದು.

ಉಳಿದದ್ದು ಆಕಾಶ

ಹೀಗಾಗಿ ಉಳಿದಿರುವುದು ವಿಮಾನವೊಂದೇ. ಈ ಮಾರ್ಗ ಮಾತ್ರ ವರ್ಷದಿಂದ ವರ್ಷಕ್ಕೆ ಸುಗಮವಾಗಿದೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿಯನ್ನು ಜಾರಿಗೆ ತಂದಿತು. 2025ರ ಮೇ 1ರಿಂದ ಆನ್‌ಲೈನ್ ಆಗಮನ ಪತ್ರ ಕಡ್ಡಾಯವಾಯಿತು. ವಿನಾಯಿತಿಯ ಅವಧಿ ಮತ್ತು ಷರತ್ತುಗಳು ಬದಲಾಗುವಂಥವು. ಟಿಕೆಟ್ ಕೊಳ್ಳುವ ಮುನ್ನ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡುವುದು ಕ್ಷೇಮ. ಈ ವಿನಾಯಿತಿ ಪ್ರವಾಸಕ್ಕೇ ಹೊರತು ಉದ್ಯೋಗಕ್ಕಲ್ಲ.

ಬ್ಯಾಂಕಾಕ್‌ನಲ್ಲಿ ವಿಮಾನ ಇಳಿದ ಬಳಿಕ ಕಷ್ಟವಿಲ್ಲ. 2006ರಲ್ಲಿ ಆರಂಭವಾದ ಸುವರ್ಣಭೂಮಿ ನಿಲ್ದಾಣದಿಂದ ನಗರದ ಫಯಾ ಥಾಯ್‌ಗೆ 2010ರಿಂದ ನೇರ ರೈಲು ಇದೆ; ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಅಗ್ಗದ ವಿಮಾನಗಳು ಹೆಚ್ಚಾಗಿ ಇಳಿಯುವ ಡಾನ್ ಮುವಾಂಗ್ ನಿಲ್ದಾಣಕ್ಕೂ 2021ರಿಂದ ನಗರ ರೈಲಿನ ಸಂಪರ್ಕ ದೊರೆತಿದೆ.

ಹೊಸ್ತಿಲ ದಾರಿ

ನಮ್ಮ ಕಡೆಯ ಚಿತ್ರ ಇದಕ್ಕೆ ತದ್ವಿರುದ್ಧ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ನಕಾಶೆಯ ಮೇಲೆ ಈ ನಾಲ್ಕು ತಾಲ್ಲೂಕುಗಳಿಗೆ ಅದು ಹತ್ತಿರವೇ ಆಯಿತು. ಹುಳಿಯಾರು ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 69 ಬುಕ್ಕಾಪಟ್ಟಣ, ಶಿರಾ, ಮಧುಗಿರಿ, ಗೌರಿಬಿದನೂರು ಹಾದು ಚಿಕ್ಕಬಳ್ಳಾಪುರ ಸೇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ದೇವನಹಳ್ಳಿ. ಇನ್ನೊಂದು ಹಾದಿ ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಮೂಲಕ. ಎರಡರಲ್ಲೂ ಬೆಂಗಳೂರಿನ ದಟ್ಟಣೆಯನ್ನು ಪ್ರವೇಶಿಸಬೇಕಿಲ್ಲ.

ಸ್ವಂತ ಕಾರಿದ್ದವರಿಗೆ ಈ ಅನುಕೂಲ ದಕ್ಕಿದೆ. ಬಸ್ಸನ್ನೇ ನೆಚ್ಚಿದವರು ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ವಾಯುವಜ್ರ ಹಿಡಿದು ಮತ್ತೆ ಉತ್ತರಕ್ಕೆ ತಿರುಗುತ್ತಾರೆ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚಿತವಾಗಿ ಹಾಜರಿರಬೇಕು. ನಡುರಾತ್ರಿಯ ವಿಮಾನವಾದರೆ ಹಳ್ಳಿಯಿಂದ ಮಧ್ಯಾಹ್ನವೇ ಹೊರಡಬೇಕು. ಇಲ್ಲವೇ ಬಾಡಿಗೆ ಕಾರಿಗೆ ಸಾವಿರಾರು ರೂಪಾಯಿ ತೆರಬೇಕು. ಅಗ್ಗದ ಟಿಕೆಟ್‌ನಲ್ಲಿ ಉಳಿಸಿದ ಹಣ ಇಲ್ಲಿಯೇ ಕರಗುತ್ತದೆ.

ರೈಲಿನ ಕಥೆ ಇನ್ನೂ ನಿಧಾನದ್ದು. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾಯುವ ತುಮಕೂರು–ರಾಯದುರ್ಗ ಮಾರ್ಗ 2007–08ರಲ್ಲಿ, ಶಿರಾ ಹಾಯುವ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ 2011–12ರಲ್ಲಿ ಮಂಜೂರಾದವು. ಎರಡೂ ಇಂದಿಗೂ ಪೂರ್ಣಗೊಂಡಿಲ್ಲ.

ಆಗಬೇಕಾದುದೇನು?

ಬೆಂಗಳೂರಿನ ಎರಡನೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶಿರಾ ಬಳಿ ಬರಲಿ ಎಂಬ ಬೇಡಿಕೆ ತುಮಕೂರು ಜಿಲ್ಲೆಯ ಜನಪ್ರತಿನಿಧಿಗಳದು. ಆದರೆ 2025ರಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ಮೂರು ಸ್ಥಳಗಳ ಪೈಕಿ ಎರಡು ಕನಕಪುರ ರಸ್ತೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಹೊಸ ನಿಲ್ದಾಣಕ್ಕೆ ನಿರ್ಬಂಧವೂ ಇದೆ. ಶಿರಾದ ಆಕಾಶದಲ್ಲಿ ವಿಮಾನ ಇಳಿಯುವುದನ್ನು ಕಾಯುತ್ತ ಕೂರುವುದರಿಂದ ಈ ದಶಕದ ಪ್ರಯಾಣಿಕನಿಗೆ ಪ್ರಯೋಜನವಿಲ್ಲ.

ಒಂದು ಬಸ್ಸಿಗೆ ಭೂಸ್ವಾಧೀನ ಬೇಕಿಲ್ಲ, ಕೇಂದ್ರದ ಅನುಮತಿಯೂ ಬೇಕಿಲ್ಲ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ 2013ರಲ್ಲೇ 'ಫ್ಲೈಬಸ್' ಓಡಿಸಿ ತೋರಿಸಿದೆ. ಬುಕ್ಕಾಪಟ್ಟಣದಿಂದ ಶಿರಾ, ಮಧುಗಿರಿ, ಗೌರಿಬಿದನೂರು ಮೂಲಕ, ಪಾವಗಡ ಮತ್ತು ಕೊರಟಗೆರೆಯ ಬಸ್ಸುಗಳಿಗೆ ಮಧುಗಿರಿಯಲ್ಲಿ ಹೊಂದಿಕೆಯಾಗುವಂತೆ, ಸಂಜೆ ಒಂದು ಮತ್ತು ನಸುಕಿನಲ್ಲಿ ಒಂದು ಸಾಮಾನ್ಯ ದರದ ಬಸ್ಸನ್ನು ಆರು ತಿಂಗಳು ಪ್ರಾಯೋಗಿಕವಾಗಿ ಓಡಿಸಲಿ. ಪ್ರಯಾಣಿಕರು ಇದ್ದಾರೆಯೇ ಎಂಬ ಪ್ರಶ್ನೆಗೆ ಟಿಕೆಟ್ ಲೆಕ್ಕವೇ ಉತ್ತರ ಕೊಡುತ್ತದೆ. ಜಿಲ್ಲೆಯ ಜನಪ್ರತಿನಿಧಿಗಳು ವಿಮಾನ ನಿಲ್ದಾಣಕ್ಕಾಗಿ ಬರೆಯುವ ಮನವಿಪತ್ರದ ಜೊತೆಗೆ ಈ ಬಸ್ಸಿಗಾಗಿಯೂ ಒಂದು ಪತ್ರ ಬರೆಯುವುದು ಉಚಿತ.